ದಂಡು ಹಡಗು ಹತ್ತಿದ ಮೇಲೆ

ಜನವರಿ 26, ಜುಲೈ 26, ಆಗಸ್ಟ್ 15. ಈ ಮೂರು ದಿನ ಹತ್ತಿರ ಬಂತೆಂದರೆ ನಮ್ಮ ಫೋನಿನೊಳಗೆ ಸೈನಿಕರು ಬಂದು ಬೀಳಲು ಶುರು. ಹಿಮದಲ್ಲಿ ಗಡ್ಡಕ್ಕೆ ಮಂಜು ಮೆತ್ತಿಕೊಂಡು ನಿಂತವರು, ಧ್ವಜ ಹೊದಿಸಿದ ಪೆಟ್ಟಿಗೆ, ಕೆಳಗೆ ಯಾರದೋ ನಾಲ್ಕು ಸಾಲಿನ ಕವನ. ಅದರ ಮೇಲೆ ನನಗೇನೂ ಕೋಪ ಇಲ್ಲ. ಕದ್ರಿ ಗುಡ್ಡೆಯ ಯುದ್ಧ ಸ್ಮಾರಕದ ಎದುರು ಹೋದರೆ ನಾನೂ ಒಂದು ಕ್ಷಣ ಸುಮ್ಮನೆ ನಿಲ್ಲುವವನೇ. ಆದರೆ ನಮ್ಮ ಕಣ್ಣಲ್ಲಿ ಸೈನಿಕನಿಗೆ ಇರುವುದು ಎರಡೇ ಭಂಗಿ. ಒಂದೋ ಗುಂಡು ಹೊಡೆಯುತ್ತಿರಬೇಕು, ಇಲ್ಲವೇ ಸತ್ತಿರಬೇಕು. ನಡುವೆ ಇರುವ ಇಪ್ಪತ್ತು ವರ್ಷದ ಸರ್ವಿಸ್ ಎಲ್ಲಿ ಹೋಯಿತು?

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ನೀಲಿ ಟೊಪ್ಪಿ ಹಾಕಿ ಒಂದು ವರ್ಷ ಇದ್ದು ಬಂದವರು. ಅವರ ತಕರಾರೂ ಇದೇ. "ಅಲ್ಲ ಮಾರಾಯ್ರೆ, ನೀವು ಬರೆಯುವವರ ಸೈನಿಕ ಊಟ ಮಾಡುದಿಲ್ಲ, ಬಟ್ಟೆ ಒಗೆಯುದಿಲ್ಲ, ಕಾಯುದೂ ಇಲ್ಲ. ನಾನು ಅಲ್ಲಿ ಒಂದು ವರ್ಷದಲ್ಲಿ ಹೆಚ್ಚು ಮಾಡಿದ ಕೆಲಸ ಅಂದ್ರೆ ಕಾದದ್ದು. ಆಮೇಲೆ ನೀರಿನ ಟ್ಯಾಂಕರಿನ ಹಿಂದೆ ಹೋದದ್ದು. ಅದನ್ನು ಬರೀರಿ ನೋಡುವಾ."

ಬರೆಯುತ್ತಿದ್ದೇನೆ. ಆದರೆ ಅವರು ಹೇಳಿದ್ದಕ್ಕಿಂತ ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಮಾಡಿಟ್ಟುಕೊಳ್ಳಿ :-)

ಸಮುದ್ರ ದಾಟಿ ಬೇರೆ ನೆಲಕ್ಕೆ ಹೋಗುವ ಪಡೆಗೆ ಇಂಗ್ಲಿಷಿನವರು ಎಕ್ಸ್‌ಪೆಡಿಷನರಿ ಫೋರ್ಸ್ ಅನ್ನುತ್ತಾರೆ. ನಮ್ಮಲ್ಲಿ ಹಳೆಯ ಮಾತೇ ಇದೆ, ದಂಡಯಾತ್ರೆ. ಬೆಂಗಳೂರಿನ ಕಂಟೋನ್ಮೆಂಟಿಗೆ ಹಳಬರು ದಂಡು ಅಂತಲೇ ಅನ್ನುತ್ತಿದ್ದರು. ಯಾತ್ರೆ ಅಂದರೆ ಹೋಗಿ ಬರುವುದು ತಾನೇ? ದಂಡು ಹೋಗುತ್ತದೆ, ಇರುತ್ತದೆ, ಒಂದು ದಿನ ಹಡಗು ಹತ್ತಿ ವಾಪಸು ಬರುತ್ತದೆ. ಊರು ಮಾತ್ರ ಅಲ್ಲೇ ಇರುತ್ತದೆ. ದಂಡು ಮಾಡಿದ ಸೇವೆಯನ್ನು ಅಳೆಯಬೇಕಾದದ್ದು ಅದು ಇದ್ದಾಗ ತೆಗೆದ ಫೋಟೋಗಳಿಂದ ಅಲ್ಲ, ಹಡಗು ಹತ್ತಿದ ಮರುದಿನ ಆ ಊರಿನವರ ಪಾಡು ಏನಾಯಿತು ಅನ್ನುವುದರಿಂದ ಅಂತ ನನ್ನ ವಾದ. ಈ ವಾದ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಮಂಗಳೂರಿನಲ್ಲಿ ಇರುವುದರಿಂದ ಹುಟ್ಟಿದ್ದು.

ಯಾಕೆಂದರೆ ನಮ್ಮ ಊರು ದಂಡು ಕಳಿಸಿದ್ದಕ್ಕಿಂತ ಮೊದಲು ದಂಡನ್ನು ಉಂಡ ಊರು. 1783ರ ಆರಂಭದಲ್ಲಿ ಬೊಂಬಾಯಿಯಿಂದ ಜನರಲ್ ಮ್ಯಾಥ್ಯೂಸ್ ಎಂಬವನ ನೇತೃತ್ವದಲ್ಲಿ ಕಂಪನಿಯ ಪಡೆ ಕರಾವಳಿಗೆ ಬಂದಿಳಿಯಿತು. ಹೊನ್ನಾವರ ಹಿಡಿಯಿತು, ಘಟ್ಟ ಹತ್ತಿ ಬಿದನೂರು ಹಿಡಿಯಿತು, ಮಾರ್ಚಿನಲ್ಲಿ ಮಂಗಳೂರಿನ ಕೋಟೆಯೂ ಅದರ ಕೈಗೆ ಬಂತು. ಟಿಪ್ಪು ಸುಲ್ತಾನ್ ಬಿದನೂರನ್ನು ವಾಪಸು ಕಿತ್ತುಕೊಂಡ, ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತ. ಮೇ ತಿಂಗಳಿನಿಂದ ಮಂಗಳೂರಿಗೆ ಮುತ್ತಿಗೆ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್, ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸೈನಿಕರು, ಅವರಿಗಿಂತ ಹಲವು ಪಟ್ಟು ಹೆಚ್ಚು ಬೊಂಬಾಯಿ ಸಿಪಾಯಿಗಳು. ನಮ್ಮ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಆ ಮಳೆಯಲ್ಲಿ, ಕೊಳೆತ ದವಸ ತಿಂದುಕೊಂಡು, ಸ್ಕರ್ವಿ ಹತ್ತಿ ಒಸಡು ಬಾತುಕೊಂಡು ಅವರು ಕೂತರು. ಗುಂಡಿಗಿಂತ ಹಸಿವು, ಕಾಯಿಲೆ ಹೆಚ್ಚು ಜನರನ್ನು ತೆಗೆದವು. 1784ರ ಜನವರಿ 30ಕ್ಕೆ ಕೋಟೆ ಬಿಟ್ಟುಕೊಟ್ಟು ತಲಚೇರಿಯ ಕಡೆ ಹೋದರು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದೇ.

ಅಲ್ಲಿಗೆ ದಂಡಿನ ಕತೆ ಮುಗಿಯಿತು. ಹೈಲ್ಯಾಂಡರ್ ರೆಜಿಮೆಂಟಿನ ಯುದ್ಧ ಗೌರವಗಳ ಪಟ್ಟಿಗೆ ನಮ್ಮ ಊರಿನ ಹೆಸರು ಸೇರಿತು. ಬೊಂಬಾಯಿ ಸಿಪಾಯಿಗಳಿಗೆ ಗ್ರೆನೇಡಿಯರ್ ಎಂಬ ಬಿರುದು ಬಂತು. ಇವತ್ತಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಬೇರು ಅಲ್ಲಿದೆ. ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಎದ್ದಿತು, ಈಗ ಭಾನುವಾರ ಸಂಜೆ ಜನ ಅಲ್ಲಿ ಸೆಲ್ಫಿ ತೆಗೆಯುತ್ತಾರೆ.

ಊರಿನ ಕತೆ ಮುಗಿಯಲಿಲ್ಲ. ಅದೇ 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ಸಾವಿರಾರು ಅನ್ನುವುದರಲ್ಲಿ ಜಗಳ ಇಲ್ಲ. ಕಾರಣಗಳ ಬಗ್ಗೆ ಇತಿಹಾಸಕಾರರು ಇನ್ನೂ ಕಚ್ಚಾಡುತ್ತಾರೆ, ರಾಜಕಾರಣಿಗಳು ಅದಕ್ಕಿಂತ ಹೆಚ್ಚು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಗೆ ದಯವಿಟ್ಟು ಇಲ್ಲಿ ಇಳಿಯಬೇಡಿ, ಅದಕ್ಕೆ ಬೇರೆ ಅಂಗಡಿಗಳಿವೆ. ನನಗೆ ಮುಖ್ಯವಾದದ್ದು ಒಂದೇ ಸಂಗತಿ. ಅವರ ಮೇಲಿದ್ದ ಆರೋಪಗಳಲ್ಲಿ ಒಂದು, ಇಂಗ್ಲಿಷರ ದಂಡಿಗೆ ನೆರವಾದರು ಎನ್ನುವುದು. ನೆರವಾದವರು ಇದ್ದರೋ, ಎಷ್ಟಿದ್ದರೋ. ನಡೆಯಬೇಕಾಗಿ ಬಂದದ್ದು ಮುದುಕರಿಗೆ, ಮಕ್ಕಳಿಗೆ, ಎಲ್ಲರಿಗೂ. ಬದುಕಿ ಉಳಿದವರು ಊರಿಗೆ ತಿರುಗಿದ್ದು 1799ರ ನಂತರ. ದಂಡು ಬಂದು ಹೋದದ್ದು ಒಂದು ವರ್ಷ. ಊರು ಅದರ ಬಾಡಿಗೆ ಕಟ್ಟಿದ್ದು ಹದಿನೈದು ವರ್ಷ.

ಈಗ ನಮ್ಮವರೇ ಸಮುದ್ರ ದಾಟಿದ ಕತೆಗೆ ಬರೋಣ. ಕನ್ನಡ ನಾಡಿನಿಂದ ಹೀಗೆ ಹೋದವರ ಪಟ್ಟಿ ಮಾಡಿದರೆ ಎಲ್ಲರೂ ಮೊದಲು ಹೇಳುವುದು ಮೈಸೂರು ಲ್ಯಾನ್ಸರ್ಸ್ ಹೆಸರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಮಷಿನ್ ಗನ್ನುಗಳ ಎದುರು ಕುದುರೆ ಓಡಿಸಿದವರು. ದೆಹಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕ ಇದೆ. ಸರಿ, ಹೆಮ್ಮೆ ಪಡೋಣ. ಆದರೆ ಆ ಪಡೆ ಈಜಿಪ್ಟಿಗೆ ಹೊರಟದ್ದು 1914ರಲ್ಲಿ. ಹೈಫಾದ ದಾಳಿ ಒಂದು ಮಧ್ಯಾಹ್ನದ್ದು, ಅದರ ಹಿಂದೆ ನಾಲ್ಕು ವರ್ಷ ಇದೆ. ಆ ನಾಲ್ಕು ವರ್ಷ ಏನು ಮಾಡಿದರು? ಸೂಯೆಜ್ ಕಾಲುವೆಯ ಬದಿಯಲ್ಲಿ ಮರಳಿನಲ್ಲಿ ಗಸ್ತು ತಿರುಗಿದರು, ಕುದುರೆಗೆ ನೀರು ಕುಡಿಸಿದರು, ಗೊರಸು ನೋಡಿದರು, ಲಾಳ ಕಟ್ಟಿದರು, ಭರ್ಜಿ ಅಭ್ಯಾಸ ಮಾಡಿದರು, ಪುನಃ ನೀರು ಕುಡಿಸಿದರು. ಕುದುರೆ ಪಡೆಯಲ್ಲಿ ಸವಾರನ ಊಟ ಕುದುರೆಯ ಊಟದ ನಂತರ. ಮಂಡ್ಯ, ಮೈಸೂರು ಕಡೆಯ ಹುಡುಗರು ಈಜಿಪ್ಟಿನ ಬಿಸಿಲಲ್ಲಿ ಏನು ತಿಂದರು, ಯಾವ ಭಾಷೆಯಲ್ಲಿ ಅಂಗಡಿಯವನೊಡನೆ ಚೌಕಾಸಿ ಮಾಡಿದರು ಅಂತ ಓದಬೇಕೆಂದು ನನಗೆ ಬಹಳ ಆಸೆ. ದಾಳಿಯ ಬಗ್ಗೆ ನೂರು ಲೇಖನ ಸಿಗುತ್ತವೆ, ಇದರ ಬಗ್ಗೆ ಕೈಗೆ ಸಿಗುವುದು ಕಡಿಮೆ.

ನನ್ನನ್ನು ಕೇಳಿದರೆ ಹೈಫಾಕ್ಕಿಂತ ಹೆಚ್ಚು ಹೇಳಬೇಕಾದ ಕತೆ ಕೊರಿಯಾದ್ದು.

1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭಾರತ ಕಾದಾಡುವ ಪಡೆ ಕಳಿಸಲಿಲ್ಲ. ಕಳಿಸಿದ್ದು ಒಂದು ವೈದ್ಯಕೀಯ ಘಟಕ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್. ಆಂಬ್ಯುಲೆನ್ಸ್ ಅಂದರೆ ಇಲ್ಲಿ ಬಿಳಿ ಬಣ್ಣದ ವ್ಯಾನ್ ಅಲ್ಲ, ಮುನ್ನೂರು ಚಿಲ್ಲರೆ ಜನರ ಓಡಾಡುವ ಆಸ್ಪತ್ರೆ. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಇವರು ಹೋಗಿ ತಲುಪುವ ಹೊತ್ತಿಗೆ ಚೀನಾದ ಸೈನ್ಯ ಇಳಿದು ಬರುತ್ತಿತ್ತು, ಪ್ಯೋಂಗ್ಯಾಂಗಿನಿಂದ ಎಲ್ಲರೂ ಹಿಂದಕ್ಕೆ ಓಡುತ್ತಿದ್ದರು. ಸಾಮಾನು ಸಾಗಿಸಲು ಲಾರಿ ಇಲ್ಲ. ಸಾಮಾನು ಬಿಟ್ಟು ಜೀವ ಉಳಿಸಿಕೊಂಡು ಬನ್ನಿ ಅಂತ ಮೇಲಿನವರು ಹೇಳುವ ಸಂದರ್ಭ. ಇವರು ಬಿಟ್ಟು ಬರಲಿಲ್ಲ. ಯಾರೋ ಬಿಟ್ಟುಹೋದ ಒಂದು ಉಗಿ ಎಂಜಿನ್ನು, ಕೆಲವು ಬೋಗಿ ಹುಡುಕಿದರು. ಸಾಲಾಗಿ ನಿಂತು ಬಕೆಟಿನಲ್ಲಿ ನೀರು ಹೊತ್ತು ಬಾಯ್ಲರ್ ತುಂಬಿಸಿದರು. ಎಂಜಿನ್ ನಡೆಸುವುದು ಗೊತ್ತಿದ್ದವರು ತಮ್ಮೊಳಗೇ ಇದ್ದರು, ಅವರೇ ರೈಲು ಬಿಟ್ಟುಕೊಂಡು ಬಂದರು. ನದಿ ದಾಟಿದ ಸ್ವಲ್ಪ ಹೊತ್ತಿಗೆ ಸೇತುವೆಯನ್ನು ಸ್ಫೋಟಿಸಲಾಯಿತು. ಆಪರೇಷನ್ ಟೇಬಲ್ಲು, ಔಷಧಿ ಪೆಟ್ಟಿಗೆ ಉಳಿಸಲು ಇಷ್ಟು ಕಷ್ಟ! ಆದರೆ ಆ ಪೆಟ್ಟಿಗೆ ಇಲ್ಲದಿದ್ದರೆ ಅವರು ಅಲ್ಲಿ ಬರೇ ಮುನ್ನೂರು ಹಸಿದ ಬಾಯಿಗಳು ಅಷ್ಟೇ.

ಮರುವರ್ಷ ಮಾರ್ಚಿನಲ್ಲಿ ರಂಗರಾಜ್ ಮತ್ತು ಅವರ ಕೆಲವು ಜನ ಅಮೆರಿಕದ ಪ್ಯಾರಾಶೂಟ್ ಪಡೆಯ ಜೊತೆ ಮುನ್ಸಾನ್ ಬಳಿ ವಿಮಾನದಿಂದ ಜಿಗಿದರು. ಸಿನಿಮಾ ಮಾಡುವವರಿಗೆ ಇದು ಸಾಕು. ನನಗೆ ಇಷ್ಟವಾದದ್ದು ಮಾತ್ರ ಘಟಕದ ಇನ್ನೊಂದು ಅರ್ಧ. ಅವರು ದೇಗು ಎಂಬ ಊರಿನಲ್ಲಿ ಉಳಿದರು. ನಿರಾಶ್ರಿತರಿಂದ ತುಂಬಿಹೋದ ಊರು ಅದು. ಅಲ್ಲಿನ ನಾಗರಿಕರಿಗೆ ಚಿಕಿತ್ಸೆ ಕೊಟ್ಟರು, ಕೊರಿಯಾದ ವೈದ್ಯಕೀಯ ಸಿಬ್ಬಂದಿಗೆ ಕೆಲಸ ಕಲಿಸಿದರು. 1954ರಲ್ಲಿ ವಾಪಸಾಗುವ ಹೊತ್ತಿಗೆ ಇಡೀ ಘಟಕ ನೋಡಿದ ರೋಗಿಗಳ ಸಂಖ್ಯೆ ಎರಡು ಲಕ್ಷ ದಾಟಿತ್ತು. ಲಕ್ಷದ ಲೆಕ್ಕಕ್ಕಿಂತ ಕಲಿಸಿದ ಕೆಲಸ ನನಗೆ ದೊಡ್ಡದು. ಹಡಗು ಹತ್ತುವಾಗ ಡಾಕ್ಟರನ್ನು ಕರೆದುಕೊಂಡು ಹೋಗಬಹುದು, ಡ್ರೆಸ್ಸಿಂಗ್ ಕಲಿತ ಆ ಊರಿನ ಹುಡುಗಿಯ ಕೈಯಿಂದ ಕಲಿತದ್ದನ್ನು ಕಿತ್ತುಕೊಂಡು ಹೋಗಲಿಕ್ಕೆ ಆಗುವುದಿಲ್ಲ ತಾನೇ?

ಅದೇ ಕೊರಿಯಾಕ್ಕೆ ಯುದ್ಧ ನಿಂತ ಮೇಲೆ, 1953ರಲ್ಲಿ, ನಮ್ಮ ಕೊಡಗಿನ ತಿಮ್ಮಯ್ಯನವರು ಹೋದರು. ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯವರು. ಅದಕ್ಕೆ ಮೊದಲೇ 1946-47ರಲ್ಲಿ ಸೋತ ಜಪಾನಿನಲ್ಲಿ ಭಾರತೀಯ ಬ್ರಿಗೇಡ್ ಒಂದನ್ನು ನಡೆಸಿ ಬಂದವರು. ಈ ಸಲದ ಕೆಲಸ ವಿಚಿತ್ರವಾದದ್ದು. ಯುದ್ಧ ಕೈದಿಗಳಲ್ಲಿ 22 ಸಾವಿರಕ್ಕೂ ಹೆಚ್ಚು ಜನ ತಮ್ಮ ದೇಶಕ್ಕೆ ವಾಪಸು ಹೋಗುವುದಿಲ್ಲ ಅಂತ ಕೂತಿದ್ದರು. ನಿಜಕ್ಕೂ ಅವರ ಇಷ್ಟವೇ ಅದು, ಅಥವಾ ಯಾರಾದರೂ ಹೆದರಿಸಿದ್ದಾರೋ ಅಂತ ವಿಚಾರಿಸುವ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಕೈಕೆಳಗೆ ಕೆಲವು ಸಾವಿರ ಭಾರತೀಯ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಇವರು ತನ್ನ ನೆಲದ ಮೇಲೆ ಕಾಲಿಡಕೂಡದು ಅಂತ ಹಟ ಹಿಡಿದದ್ದರಿಂದ ಇಂಚಾನ್ ಬಂದರಿನಿಂದ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಇವರನ್ನು ಎತ್ತಿ ಒಯ್ದರು. ಗಡಿಯ ನಿರ್ಜನ ಪಟ್ಟಿಯಲ್ಲಿ ಡೇರೆ ಹಾಕಿ ಅದಕ್ಕೆ ಹಿಂದ್ ನಗರ ಅಂತ ಹೆಸರಿಟ್ಟರು.

ಅಲ್ಲಿನ ದಿನಚರಿ ಯೋಚಿಸಿ. ಮುಳ್ಳುತಂತಿಯ ಆ ಬದಿಯಿಂದ ಕೈದಿಗಳು ಬೈಯುತ್ತಾರೆ, ಕಲ್ಲು ಎಸೆಯುತ್ತಾರೆ. ಭಾಷೆ ತಿಳಿಯುವುದಿಲ್ಲ. ಚಳಿ ಬೇರೆ. ಸೈನಿಕನಿಗೆ ವರ್ಷಗಟ್ಟಲೆ ಕಲಿಸಿದ್ದೇ ಹೊಡೆಯಲಿಕ್ಕೆ, ಈಗ ಹೊಡೆಯಬೇಡ ಅನ್ನುವುದು ಆಜ್ಞೆ. ಕೈದಿಗಳು ಒಮ್ಮೆ ಒಬ್ಬ ಭಾರತೀಯ ಮೇಜರನ್ನೇ ಒಳಗೆಳೆದು ಕೂರಿಸಿಕೊಂಡರು. ಥೋರಟ್ ತಾವೇ ಒಳಗೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದರು. ಹಾಗಂತ ಗುಂಡು ಹಾರಲೇ ಇಲ್ಲ ಅಂತ ಅಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಹಾರಿತು, ಕೈದಿಗಳು ಸತ್ತರು. ಅದನ್ನು ಮುಚ್ಚಿಟ್ಟು ಸಾಧುಸಂತರ ಕತೆ ಹೇಳುವುದು ನನಗೆ ಬೇಕಾಗಿಲ್ಲ. ಆದರೆ ಅಷ್ಟು ಸಾವಿರ ಜನ ಸಿಟ್ಟಿನಲ್ಲಿ ಕುದಿಯುವ ಜಾಗದಲ್ಲಿ ತಿಂಗಳುಗಟ್ಟಲೆ ಕೈ ಕಟ್ಟಿ ನಿಲ್ಲುವುದನ್ನೂ ತರಬೇತಿ ಅಂತಲೇ ಕರೆಯಬೇಕು. ಪರೇಡ್ ಮೈದಾನದಲ್ಲಿ ಕಲಿಯಲಿಕ್ಕೆ ಆಗದ ತರಬೇತಿ.

ಕೊನೆಗೆ 1954ರ ಫೆಬ್ರವರಿಯಲ್ಲಿ ದಂಡು ಹಡಗು ಹತ್ತಿತು. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾವೂ ಬೇಡ, ತೈವಾನೂ ಬೇಡ, ಯಾವುದಾದರೂ ತಟಸ್ಥ ದೇಶಕ್ಕೆ ಹೋಗುತ್ತೇವೆ ಅಂದ ಕೈದಿಗಳು ಉಳಿದಿದ್ದರಲ್ಲ, 88 ಜನ? ಅವರನ್ನು ಜೊತೆಗೆ ಕರೆದುಕೊಂಡು ಬಂದರು. ನನ್ನ ಮಟ್ಟಿಗೆ ಸ್ವತಂತ್ರ ಭಾರತದ ಸೈನ್ಯದ ಅತಿ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ತಿಮ್ಮಯ್ಯನವರು ಆಮೇಲೆ ಸೇನಾ ಮುಖ್ಯಸ್ಥರಾದರು, ನಿವೃತ್ತಿಯ ನಂತರ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಾ 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಅಂಚೆಚೀಟಿ ತಂದಿದೆ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ. ಮಂಗಳೂರಿನಿಂದ ಮಡಿಕೇರಿಗೆ ಹೋಗುವವರು ರಾಜಾಸೀಟ್ ನೋಡಿ, ಹೋಂ ಸ್ಟೇ ಸೇರಿ ವಾಪಸಾಗುತ್ತಾರೆ. ಒಂದು ಗಂಟೆ ಅಲ್ಲೂ ಕೊಡಿ.

ಇಷ್ಟು ಹೊಗಳಿದ ಮೇಲೆ ಶ್ರೀಲಂಕಾದ ಮಾತು ಎತ್ತದಿದ್ದರೆ ಅದು ಮೋಸ. 1987ರ ಜುಲೈ 29ರ ಒಪ್ಪಂದದ ಮೇಲೆ ನಮ್ಮ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಇಳಿದಾಗ ಜನ ಹಾರ ಹಾಕಿದರು. ಅಕ್ಟೋಬರಿಗೆ ಎಲ್‌ಟಿಟಿಇ ಜೊತೆ ಯುದ್ಧವೇ ಶುರು. ಅದೇ ತಿಂಗಳು ಜಾಫ್ನಾ ಆಸ್ಪತ್ರೆಯೊಳಗೆ ರೋಗಿಗಳು, ಡಾಕ್ಟರುಗಳು, ನರ್ಸುಗಳು ನಮ್ಮ ಸೈನಿಕರ ಗುಂಡಿಗೆ ಸತ್ತರು. ಸುಮಾರು 1,200 ಭಾರತೀಯ ಸೈನಿಕರು ಆ ದ್ವೀಪದಲ್ಲಿ ಪ್ರಾಣ ಕೊಟ್ಟರು. ಅವರ ಮನೆಯವರ ದುಃಖವೂ ನಿಜ, ಆಸ್ಪತ್ರೆಯವರ ದುಃಖವೂ ನಿಜ. ಒಂದನ್ನು ಹೇಳಿದರೆ ಇನ್ನೊಂದಕ್ಕೆ ಅವಮಾನ ಅಂತ ನಮ್ಮಲ್ಲಿ ಯಾಕೆ ಭಾವಿಸುತ್ತಾರೋ ನನಗೆ ಅರ್ಥವಾಗುವುದಿಲ್ಲ. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಹಡಗು ಹತ್ತಿತು. ನಮ್ಮ ಪಡೆಯನ್ನು ನಂಬಿ ಜೊತೆ ನಿಂತಿದ್ದ ತಮಿಳರು ಇದ್ದರಲ್ಲ, ಅವರಲ್ಲಿ ಕೆಲವರು ದೋಣಿ, ಹಡಗು ಹಿಡಿದು ಭಾರತಕ್ಕೆ ಓಡಿದರು. ಓಡಲಾಗದವರು ಪುಲಿಗಳ ಕೈಗೆ ಬಿದ್ದರು. 1784ರ ಮಂಗಳೂರು ಗೊತ್ತಿರುವವನಿಗೆ ಇದು ಹೊಸ ಕತೆ ಅಲ್ಲ. 2021ರಲ್ಲಿ ಕಾಬೂಲ್ ವಿಮಾನ ನಿಲ್ದಾಣದ ಗೋಡೆಯ ಹೊರಗೆ ಕಾಗದ ಹಿಡಿದು ನಿಂತಿದ್ದ, ಅಮೆರಿಕದ ಸೈನ್ಯಕ್ಕೆ ದುಭಾಷಿಗಳಾಗಿದ್ದವರಿಗೂ ಹೊಸದಲ್ಲ.

ನಮ್ಮ ಸುಬೇದಾರರ ನೀಲಿ ಟೊಪ್ಪಿಯ ಕೆಲಸಕ್ಕೆ ಮೂರು ಕಟ್ಟುಪಾಡುಗಳಿವೆ. ಅಲ್ಲಿನವರ ಒಪ್ಪಿಗೆ ಇರಬೇಕು, ಯಾರ ಪಕ್ಷವನ್ನೂ ಹಿಡಿಯಬಾರದು, ಆತ್ಮರಕ್ಷಣೆಗೆ ಮತ್ತು ವಹಿಸಿದ ಕೆಲಸ ಉಳಿಸಿಕೊಳ್ಳಲು ಬಿಟ್ಟು ಬಲ ಬಳಸಬಾರದು. ಹೊರಡುವ ಮೊದಲು ದೇಶದಲ್ಲೇ ತರಬೇತಿ ಕೊಟ್ಟು ಕಳಿಸುತ್ತಾರೆ. ಗಸ್ತು, ತಪಾಸಣೆ ಠಾಣೆ, ಅಲ್ಲಿನ ಕಾಯಿಲೆಗಳು, ಅಲ್ಲಿನ ಹೆಂಗಸರೊಡನೆ ಹೇಗೆ ವರ್ತಿಸಬೇಕು ಎಲ್ಲ. ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿ ಭಾರತೀಯ ಪಶುವೈದ್ಯರ ತಂಡ ಅಲ್ಲಿನವರ ದನಗಳಿಗೆ ಚಿಕಿತ್ಸೆ ಕೊಡುತ್ತದೆ ಅಂತ ಓದಿದಾಗ ನನಗೆ ನಗು ಬಂದಿತ್ತು. ಸುಬೇದಾರರು ನಗಲಿಲ್ಲ. "ಅಲ್ಲಿ ದನ ಸತ್ರೆ ಮನೆಯೇ ಸತ್ತ ಹಾಗೆ. ದನಕ್ಕೆ ಮದ್ದು ಕೊಟ್ಟ ಊರಿನಲ್ಲಿ ನಮ್ಮ ಗಸ್ತಿಗೆ ಮಕ್ಕಳು ಕೈ ಬೀಸ್ತವೆ, ಕೊಡದ ಊರಿನಲ್ಲಿ ಬಾಗಿಲು ಹಾಕ್ತಾರೆ" ಅಂದರು.

ಇಲ್ಲೇ ಒಂದು ತಕರಾರು ಬರುತ್ತದೆ, ನನ್ನ ಗೆಳೆಯರೊಬ್ಬರು ಯಾವಾಗಲೂ ಎತ್ತುವುದು. ಹಾಗಾದರೆ ಇದು ಸೇವೆಯಾ, ವ್ಯಾಪಾರವಾ? ಮದ್ದು ಕೊಟ್ಟು ಮಾಹಿತಿ ತೆಗೆದುಕೊಂಡ ಹಾಗಾಯಿತಲ್ಲ? ತಕರಾರು ಸುಳ್ಳಲ್ಲ. ಬಂದೂಕು ಹಿಡಿದವನು ಕೊಡುವ ಬಿಸ್ಕತ್ತನ್ನು ಬೇಡ ಅನ್ನುವ ಧೈರ್ಯ ಯಾವ ಮಗುವಿಗೆ ಇದೆ? ಆದರೂ ನಾನು ಸೇವೆಯ ಪಕ್ಷವೇ. ಉದ್ದೇಶ ಶುದ್ಧವೋ ಅಂತ ಮನಸ್ಸಿನೊಳಗೆ ಇಣುಕುವುದು ನಮ್ಮ ಕೈಲಾಗದ ಕೆಲಸ, ದನ ಬದುಕಿತೋ ಅಂತ ನೋಡಬಹುದು. ದಂಡು ಹೋದ ಮೇಲೆ ಮದ್ದು ಕೊಡುವುದು ಆ ಊರಿನ ಯಾರಿಗಾದರೂ ಗೊತ್ತೋ ಅಂತ ಕೇಳಬಹುದು. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪ ಆದಾಗ ಆಗ್ರಾದಿಂದ 99 ಜನರ ತಂಡ ಹೋಗಿ ಇಸ್ಕೆಂದೆರುನ್ ಊರಿನಲ್ಲಿ ಆಸ್ಪತ್ರೆ ನಡೆಸಿತಲ್ಲ, ಅದು ಯಾವ ಘಟಕ ಗೊತ್ತೇ? ಅದೇ 60 ಪ್ಯಾರಾ. ಬಕೆಟಿನಲ್ಲಿ ನೀರು ಹೊತ್ತು ರೈಲು ಓಡಿಸಿದವರ ಮೊಮ್ಮಕ್ಕಳ ತಲೆಮಾರು. ಎರಡು ವಾರದ ಕೆಲಸ, ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳು. ಕರೆದರು, ಹೋದರು, ಮಾಡಿದರು, ಬಂದರು. ಹಿಂದೆ ಯಾರನ್ನೂ ಅಪಾಯದಲ್ಲಿ ಬಿಟ್ಟು ಬರಲಿಲ್ಲ.

ನಮ್ಮ ಮಂಗಳೂರಿನ ಕಾಲೇಜುಗಳಲ್ಲಿ ಎನ್‌ಸಿಸಿ ಚೆನ್ನಾಗಿದೆ. ಭೂದಳ, ನೌಕಾದಳ, ವಾಯುದಳ ಮೂರೂ ಇವೆ. ಸಮಾಜ ಸೇವೆ ಅವರ ಪಾಠಪಟ್ಟಿಯಲ್ಲೇ ಇದೆ. ಕಡಲ ತೀರದಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಾರೆ, ರಕ್ತ ಕೊಡುತ್ತಾರೆ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ತಿಂಗಳ ನಂತರ ಅದೇ ತೀರದಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಅಂತ ನೋಡಿಬರುವುದನ್ನೂ ಆ ಸೇವೆಯ ಭಾಗ ಮಾಡಿದರೆ ಹೇಗೆ? ಅಲ್ಲಿನ ಮೀನುಗಾರರ ಮನೆಯವರಲ್ಲಿ, "ನಾವು ಬಂದದ್ದರಿಂದ ನಿಮಗೆ ಎಂತ ಆಯ್ತು?" ಅಂತ ಕೇಳಿ ಬರೆದುಕೊಂಡು ಬಂದರೆ ಹೇಗೆ? ಶಿಬಿರದಲ್ಲಿ ಕಾರ್ಗಿಲ್ ಕತೆ ಹೇಳುವಾಗ ಪಕ್ಕದಲ್ಲಿ ದೇಗುವಿನ ಕತೆಯನ್ನೂ ಹಿಂದ್ ನಗರದ ಕತೆಯನ್ನೂ ಒಂದೊಂದು ಗಂಟೆ ಹೇಳಲಿ. ಹುಡುಗರಿಗೆ ಬೋರಾಗುತ್ತದೆ ಅಂತ ನನಗೆ ಅನಿಸುವುದಿಲ್ಲ, ಆ ರೈಲಿನ ಕತೆಗೆ ಬೋರಾಗುವ ಹುಡುಗರನ್ನು ನಾನು ನೋಡಬೇಕು.

ಇನ್ನು ಬ್ಲಾಗಿಗರಿಗೆ ಒಂದು ಕೆಲಸ. ಕರಾವಳಿಯವರು ಬ್ಯಾಂಕು, ಹೋಟೆಲು, ಗಲ್ಫ್ ಅಂತ ಹೋದದ್ದೇ ಹೆಚ್ಚು, ಕೊಡಗಿನ ಹಾಗೆ ಮನೆಗೊಬ್ಬರು ಫೌಜಿ ನಮ್ಮಲ್ಲಿಲ್ಲ. ಆದರೂ ನಿಮ್ಮ ಬಂಧುಬಳಗದಲ್ಲಿ ಗಾಜಾಕ್ಕೆ, ಕಾಂಗೋಕ್ಕೆ, ಲಂಕೆಗೆ ಹೋಗಿ ಬಂದ ಅಜ್ಜನೋ ಮಾವನೋ ಇದ್ದೇ ಇರುತ್ತಾರೆ. ಎಷ್ಟು ಜನರನ್ನು ಹೊಡೆದಿರಿ ಅಂತ ದಯವಿಟ್ಟು ಕೇಳಬೇಡಿ. ಎಂತ ತಿಂದಿರಿ, ಎಲ್ಲಿ ಮಲಗಿದಿರಿ, ಅಲ್ಲಿನವರ ಭಾಷೆಯ ಯಾವ ಶಬ್ದ ಈಗಲೂ ನೆನಪಿದೆ ಅಂತ ಕೇಳಿ. ಆ ಊರಿನ ಯಾರಾದರೂ ಆಮೇಲೆ ಕಾಗದ ಬರೆದರೋ ಅಂತ ಕೇಳಿ. ಸುಬೇದಾರರಲ್ಲಿ ಈ ಕೊನೆಯ ಪ್ರಶ್ನೆ ಕೇಳಿದೆ. ಉತ್ತರಕ್ಕೆ ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು. ನೀರಿನ ಟ್ಯಾಂಕರಿನ ಹಿಂದೆ ಓಡಿ ಬರುತ್ತಿದ್ದ ಒಬ್ಬ ಹುಡುಗನ ಹೆಸರು ಹೇಳಿದರು, ಅವನಿಗೀಗ ಮದುವೆಯ ಪ್ರಾಯ ಆಗಿರಬಹುದು ಅಂದರು.